ಆರಾಮ ಎಂದರೆ ಎಷ್ಟು ಆರಾಮ?
(ಶಸ್ತ್ರಚಿಕಿತ್ಸೆಯ ನಂತರದ ಚೇತರಿಕೆಯನ್ನು ಅಳೆಯುವ ಬಗೆ)

ನಮ್ಮ ವಾಚನಾಲಯಕ್ಕೆ ದಿನವೂ ಸಂಜೆ ತಪ್ಪದೆ ಬರುವ ಹಿರಿಯರೊಬ್ಬರಿದ್ದಾರೆ. ರಾಯಚೂರು ಕಡೆಯವರು. ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತೇವೆ. ಕಳೆದ ಚಳಿಗಾಲದಲ್ಲಿ ಅವರಿಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಯಿತು. ಮನೆಗೆ ಬಂದ ಮೂರನೆಯ ದಿನ ನಾವು ನಾಲ್ಕು ಜನ ಸ್ವಯಂಸೇವಕರು ನೋಡಲು ಹೋದೆವು. ‘ಹ್ಯಾಂಗ ಅದೀರಿ ಕಾಕಾ?’ ಎಂದು ಕೇಳಿದೆವು. ‘ಆರಾಮ ಅದೀನಿ ತಮ್ಮಾ’ ಎಂದರು. ನಮಗೂ ಸಮಾಧಾನವಾಯಿತು. ಚಹಾ ಕುಡಿದು ಎದ್ದೆವು. ಬಾಗಿಲವರೆಗೆ ಬಂದ ಕಾಕೂ ಮಾತ್ರ ದನಿ ತಗ್ಗಿಸಿ, ‘ಮೂರು ರಾತ್ರಿ ಆತು, ನಿದ್ದಿ ಇಲ್ಲ. ಎರಡು ತುತ್ತು ಅನ್ನ ಒಳಗ ಹೋಗಿಲ್ಲ. ಡಾಕ್ಟರು ಕೇಳಿದರೂ ಆರಾಮ ಅಂತಾರ, ನೀವು ಕೇಳಿದರೂ ಆರಾಮ ಅಂತಾರ’ ಎಂದರು.

ಕಾಕಾ ಸುಳ್ಳು ಹೇಳಿರಲಿಲ್ಲ. ನಮ್ಮ ಕಡೆಯ ಮಾತಿನಲ್ಲಿ ‘ಆರಾಮ’ ಎಂಬ ಒಂದೇ ಶಬ್ದ ಹತ್ತು ಕೆಲಸ ಮಾಡುತ್ತದೆ. ಜ್ವರ ಬಿಟ್ಟರೂ ಆರಾಮ, ನೋವು ತಗ್ಗಿದರೂ ಆರಾಮ, ಬದುಕಿ ಉಳಿದರೂ ಆರಾಮ. ಬಂದವರ ಮನಸ್ಸು ನೋಯಬಾರದೆಂದು ಹೇಳುವುದೂ ಆರಾಮವೇ. ಆದರೆ ವೈದ್ಯರಿಗೂ ದಾದಿಯರಿಗೂ ಮನೆಯವರಿಗೂ ಬೇಕಾದದ್ದು ಬೇರೆ. ಶಸ್ತ್ರಚಿಕಿತ್ಸೆಯಾದ ಮನುಷ್ಯ ನಿಜವಾಗಿ ಎಷ್ಟು ಚೇತರಿಸಿಕೊಂಡಿದ್ದಾನೆ, ನಿನ್ನೆಗಿಂತ ಇಂದು ಮೇಲೋ ಕೆಳಗೋ ಎಂಬುದು ಅವರಿಗೆ ತಿಳಿಯಬೇಕು. ಇದನ್ನು ಅಳೆಯುವ ಬಗೆ ಇದೆಯೇ ಎಂದು ಹುಡುಕುತ್ತ ಹೋದೆವು. ಇದೆ, ಮತ್ತು ಅದರ ಕಥೆಯ ಒಂದು ಮುಖ್ಯ ಅಧ್ಯಾಯ ನಮ್ಮ ಈ ಹೈದರಾಬಾದಿನಲ್ಲೇ ನಡೆದಿದೆ. ನಾವು ವೈದ್ಯರಲ್ಲ, ಗಿರಣಿಯ ಕಾರಕೂನರು. ಲೆಕ್ಕದ ಪುಸ್ತಕ ಬರೆಯುವವರ ಕಣ್ಣಿನಿಂದ ಕಂಡದ್ದನ್ನು ವಾಚಕರ ಮುಂದಿಡುತ್ತಿದ್ದೇವೆ.

ನಾಡಿಯೋ, ಉಸಿರೋ?

1846ರ ಅಕ್ಟೋಬರ್ 16ರಂದು ಅಮೆರಿಕದ ಬೋಸ್ಟನ್ ನಗರದಲ್ಲಿ ಮಾರ್ಟನ್ ಎಂಬ ದಂತವೈದ್ಯ ಈಥರ್ ಕೊಟ್ಟು ರೋಗಿಯೊಬ್ಬನನ್ನು ನಿದ್ರೆಗೊಳಿಸಿದ. ಅದೇ ನಿದ್ರೆಯಲ್ಲಿ ಅವನ ಕುತ್ತಿಗೆಯ ಗಂಟಿಗೆ ಶಸ್ತ್ರಚಿಕಿತ್ಸೆಯಾಯಿತು. ಮರುವರ್ಷ, 1847ರಲ್ಲಿ, ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರ್ಮನ್ನು ಬಳಕೆಗೆ ತಂದರು. ಅಲ್ಲಿಯವರೆಗೆ ರೋಗಿಯನ್ನು ನಾಲ್ಕು ಜನ ಹಿಡಿದುಕೊಂಡು ಕೊಯ್ಯಬೇಕಾಗಿತ್ತು. ಈಗ ನೋವು ತಪ್ಪಿತು, ಆದರೆ ಹೊಸ ಭಯವೊಂದು ಬಂದಿತು. 1848ರ ಜನವರಿಯಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ಬಳಿ ಹ್ಯಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿ ಕಾಲಿನ ಉಗುರು ತೆಗೆಸಿಕೊಳ್ಳಲು ಹೋದವಳು ಕ್ಲೋರೋಫಾರ್ಮ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ತೀರಿಹೋದಳು. ಇಂತಹ ಸಾವುಗಳು ಅಲ್ಲಲ್ಲಿ ನಡೆಯುತ್ತಲೇ ಇದ್ದವು. ಔಷಧಿ ಕೊಡುವಾತ ಯಾವುದರ ಮೇಲೆ ಕಣ್ಣಿಡಬೇಕು? ಲಂಡನ್ನಿನ ಅನೇಕರು ನಾಡಿಯನ್ನು ಹಿಡಿದಿರಬೇಕು ಎಂದರು. ಎಡಿನ್‌ಬರೋದ ಪ್ರಸಿದ್ಧ ಶಸ್ತ್ರವೈದ್ಯ ಸೈಮ್ ಅವರ ಪಂಥದವರು, ನಾಡಿ ಬಿಡಿ, ಉಸಿರು ನೋಡಿ ಎಂದರು.

ಈ ಸೈಮ್ ಅವರ ಶಿಷ್ಯರಾದ ಎಡ್ವರ್ಡ್ ಲಾರಿ ಹೈದರಾಬಾದಿಗೆ ರೆಸಿಡೆನ್ಸಿಯ ವೈದ್ಯರಾಗಿ ಬಂದರು. ಅಫ್ಜಲ್‌ಗಂಜ್ ಆಸ್ಪತ್ರೆಯೂ ವೈದ್ಯಶಾಲೆಯೂ ಅವರ ಕೈಯಲ್ಲಿದ್ದವು. ಮೂಸಿ ನದಿಯ ದಡದಲ್ಲಿದ್ದ ಆ ಆಸ್ಪತ್ರೆ 1908ರ ಮಹಾಪ್ರವಾಹಕ್ಕೆ ಸಿಕ್ಕಿತು. ಅದರ ಪರಂಪರೆಯನ್ನು ಮುಂದೆ ಉಸ್ಮಾನಿಯಾ ಆಸ್ಪತ್ರೆ ಪಡೆಯಿತು. ಲಾರಿಯವರು ಸಾವಿರಾರು ಜನರಿಗೆ ಕ್ಲೋರೋಫಾರ್ಮ್ ಕೊಡಿಸಿದ್ದರು. ಉಸಿರನ್ನು ಕಾಯ್ದರೆ ಅಪಾಯವಿಲ್ಲವೆಂಬುದು ಅವರ ದೃಢ ನಂಬಿಕೆ. ಇದನ್ನು ಸಿದ್ಧಪಡಿಸಲು 1888ರಲ್ಲಿ ಆರನೆಯ ನಿಜಾಮ್ ಮೀರ್ ಮಹಬೂಬ್ ಅಲಿ ಖಾನರ ಆಶ್ರಯದಲ್ಲಿ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗ ಕುಳಿತಿತು. ನಾಯಿಗಳ ಮೇಲೆ ಪರೀಕ್ಷೆ ನಡೆಸಿ, ಮೊದಲು ನಿಲ್ಲುವುದು ಉಸಿರು, ಹೃದಯ ಅನಂತರ ಎಂದು ವರದಿ ಕೊಟ್ಟಿತು. ಲಂಡನ್ನಿನ ‘ಲ್ಯಾನ್ಸೆಟ್’ ವೈದ್ಯಪತ್ರಿಕೆ ಅದನ್ನು ಸಂದೇಹಿಸಿತು. ನಿಜಾಮರು ಹಿಂಜರಿಯಲಿಲ್ಲ. ಪತ್ರಿಕೆ ತನಗೆ ಬೇಕಾದ ವಿದ್ವಾಂಸನನ್ನು ಕಳಿಸಲಿ ಎಂದು 1,000 ಪೌಂಡು ವೆಚ್ಚ ಕೊಟ್ಟರು. ಹಾಗೆ ಬಂದವರು ಲಾಡರ್ ಬ್ರಂಟನ್. 1889ರಲ್ಲಿ ಎರಡನೆಯ ಆಯೋಗ ನೂರಾರು ಪ್ರಾಣಿಗಳ ಮೇಲೆ ಪರೀಕ್ಷೆ ನಡೆಸಿತು. ಹೃದಯಕ್ಕೇ ಅಪಾಯವೆಂದು ನಂಬಿ ಬಂದಿದ್ದ ಬ್ರಂಟನ್ನರೂ ಉಸಿರಿನ ಪಕ್ಷಕ್ಕೆ ಒಲಿದರು.

ಆ ದಿನಗಳಲ್ಲಿ ಈ ವೈದ್ಯಶಾಲೆಯಲ್ಲಿ ಕಲಿತು ಕ್ಲೋರೋಫಾರ್ಮ್ ಕೊಡುವುದರಲ್ಲಿ ಕೈ ಪಳಗಿಸಿಕೊಂಡ ಪಾರ್ಸಿ ಮಹಿಳೆ ರೂಪಾಬಾಯಿ ಫರ್ದೂನ್‌ಜಿ. ಪ್ರಪಂಚದಲ್ಲೇ ಅರಿವಳಿಕೆಯ ಕೆಲಸ ಕೈಗೊಂಡ ಮೊಟ್ಟಮೊದಲ ಮಹಿಳೆಯರಲ್ಲಿ ಅವರೊಬ್ಬರೆಂದು ಇಂದು ಎಣಿಸುತ್ತಾರೆ. ನಮ್ಮ ನಗರದ ಹುಡುಗಿಯರು ಈ ಹೆಸರನ್ನು ತಿಳಿದಿರಬೇಕು.

ಆಯೋಗದ ಮಾತು ಪೂರ್ತಿ ಸರಿಯಿತ್ತೇ? ಇರಲಿಲ್ಲ. 1911ರಲ್ಲಿ ಲಂಡನ್ನಿನ ಗುಡ್‌ಮನ್ ಲೀವಿ ಎಂಬವರು ಬೆಕ್ಕುಗಳ ಮೇಲೆ ಪರೀಕ್ಷಿಸಿ, ಕ್ಲೋರೋಫಾರ್ಮ್ ಕಡಿಮೆ ಕೊಟ್ಟು ಅರೆ ಎಚ್ಚರವಿರುವಾಗಲೇ ಹೃದಯ ಅದುರಿ ನಿಂತುಬಿಡಬಲ್ಲದೆಂದು ತೋರಿಸಿದರು. ಅಂದರೆ ಲಂಡನ್ನಿನವರ ಭಯಕ್ಕೂ ಆಧಾರವಿತ್ತು. ಆದರೂ ಉಸಿರಿನ ಮೇಲಿಂದ ಕಣ್ಣು ತೆಗೆಯಬೇಡಿರಿ ಎಂಬ ಹೈದರಾಬಾದಿನ ಬುದ್ಧಿಮಾತು ಇಂದಿಗೂ ಸುಳ್ಳಾಗಿಲ್ಲ. ಇಲ್ಲಿ ನಾವು ಕಲಿಯುವ ಪಾಠ ಇದು: ಒಂದೇ ಗುರುತನ್ನು ನೋಡಿದವನಿಗೆ ಇನ್ನೊಂದು ತಪ್ಪಿಹೋಗುತ್ತದೆ. ನಾಡಿಯೂ ಬೇಕು, ಉಸಿರೂ ಬೇಕು, ಇನ್ನೂ ಕೆಲವು ಬೇಕು.

ಲೆಕ್ಕ ಬರೆದಿಟ್ಟ ವೈದ್ಯ

ಆ ಕಾಲದಲ್ಲಿ ಎಣಿಸುತ್ತಿದ್ದುದು ಒಂದನ್ನೇ, ರೋಗಿ ಬದುಕಿದನೋ ಸತ್ತನೋ ಎಂಬುದನ್ನು. ಬದುಕಿದವನು ಮುಂದೆ ಹೇಗಿದ್ದ ಎಂದು ಕೇಳಿದವರು ಕಡಿಮೆ. ಹಾಗೆ ಕೇಳಿದವರಲ್ಲಿ ಬೋಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್ ಒಬ್ಬರು. ವಿದ್ಯಾರ್ಥಿಯಾಗಿದ್ದಾಗಲೇ, 1890ರ ದಶಕದಲ್ಲಿ, ಗೆಳೆಯ ಹಾರ್ವೆ ಕುಶಿಂಗ್ ಜೊತೆಗೂಡಿ, ಈಥರ್ ಕೊಡುವಾಗ ನಾಡಿ ಉಸಿರುಗಳನ್ನು ಕಾಗದದ ಮೇಲೆ ಗುರುತು ಹಾಕುವ ಪದ್ಧತಿ ಆರಂಭಿಸಿದ್ದರು. ಶಸ್ತ್ರವೈದ್ಯರಾದ ಮೇಲೆ ತಾವು ಚಿಕಿತ್ಸೆ ಮಾಡಿದ ಪ್ರತಿಯೊಬ್ಬರಿಗೂ ಒಂದು ಚೀಟಿ ಮಾಡಿ, ವರ್ಷವಾದ ಮೇಲೆ ಅವರನ್ನು ಹುಡುಕಿ, ಹೇಗಿದ್ದೀರಿ ಎಂದು ಕೇಳಿ ಬರೆದಿಡುತ್ತಿದ್ದರು. 1911ರಿಂದ 1916ರವರೆಗೆ ತಮ್ಮ ಸ್ವಂತ ಆಸ್ಪತ್ರೆಯಿಂದ ಮನೆಗೆ ಹೋದ 337 ರೋಗಿಗಳ ಲೆಕ್ಕ ಅಚ್ಚು ಹಾಕಿಸಿದರು. ಅದರಲ್ಲಿ 123 ತಪ್ಪುಗಳನ್ನು ತಾವೇ ಎತ್ತಿ ತೋರಿಸಿದ್ದರು. ಸಹೋದ್ಯೋಗಿಗಳಿಗೆ ಇದು ಹಿಡಿಸಲಿಲ್ಲ, ಅವರನ್ನು ದೂರವಿಟ್ಟರು. ಜಮೆಯನ್ನು ಎಲ್ಲರೂ ಬರೆಯುತ್ತಾರೆ, ನಷ್ಟವನ್ನು ಕಾಣುವಂತೆ ಬರೆಯುವ ಕಾರಕೂನ ಯಜಮಾನನಿಗೆ ಬೇಡವಾಗುತ್ತಾನೆ. ಆದರೆ ಆ ಪುಸ್ತಕವಿಲ್ಲದೆ ವ್ಯಾಪಾರ ಸುಧಾರಿಸುವುದಿಲ್ಲ.

ಹತ್ತು ಅಂಕಗಳ ಪರೀಕ್ಷೆ

ಶಸ್ತ್ರಚಿಕಿತ್ಸೆ ಮುಗಿದ ಕೂಡಲೇ ರೋಗಿಯನ್ನು ವಾರ್ಡಿಗೆ ಕಳಿಸುವುದಿಲ್ಲ. ಪಕ್ಕದ ಚೇತರಿಕೆ ಕೋಣೆಯಲ್ಲಿಟ್ಟು ಕಾಯುತ್ತಾರೆ. ಮನೆಯವರು ಹೊರಗೆ ನಿಂತು, ‘ಆಪರೇಷನ್ ಮುಗಿದು ಒಂದು ತಾಸಾಯಿತು, ಇನ್ನೂ ಯಾಕೆ ಹೊರಗೆ ಬಿಡುವುದಿಲ್ಲ?’ ಎಂದು ಚಡಪಡಿಸುವುದು ಈ ಹೊತ್ತಿನಲ್ಲೇ. ಒಳಗೆ ಏನು ನಡೆದಿರುತ್ತದೆ ಎಂಬುದನ್ನು ತಿಳಿದರೆ ಅರ್ಧ ಚಡಪಡಿಕೆ ಇಳಿಯುತ್ತದೆ.

1953ರಲ್ಲಿ ಅಮೆರಿಕದ ಅರಿವಳಿಕೆ ವೈದ್ಯೆ ವರ್ಜೀನಿಯಾ ಅಪ್ಗಾರ್ ಹುಟ್ಟಿದ ಕೂಸಿಗೆ ಐದು ಗುರುತುಗಳಲ್ಲಿ ಅಂಕ ಕೊಡುವ ಪದ್ಧತಿಯನ್ನು ಪ್ರಕಟಿಸಿದ್ದರು. ಅದೇ ಮಾದರಿ ಹಿಡಿದು 1970ರಲ್ಲಿ ಆಂಟೋನಿಯೊ ಆಲ್ಡ್ರೇಟೆ ಮತ್ತು ಡಯಾನ್ ಕ್ರೌಲಿಕ್ ಎಂಬವರು ಅರಿವಳಿಕೆಯಿಂದ ಏಳುವವರಿಗಾಗಿ ಒಂದು ಅಂಕಪಟ್ಟಿ ಮಾಡಿದರು. ಇಂದು ಲೋಕದ ಎಷ್ಟೋ ಆಸ್ಪತ್ರೆಗಳಲ್ಲಿ ಅದು ಬಳಕೆಯಲ್ಲಿದೆ. ಗುರುತುಗಳು ಐದು, ಒಂದೊಂದಕ್ಕೆ 0, 1 ಅಥವಾ 2 ಅಂಕ.

1. ಚಲನೆ: ಹೇಳಿದಾಗ ಎರಡು ಕೈ ಎರಡು ಕಾಲು ಆಡಿಸಿದರೆ 2. ಎರಡನ್ನು ಮಾತ್ರ ಆಡಿಸಿದರೆ 1. ಏನನ್ನೂ ಆಡಿಸದಿದ್ದರೆ 0.
2. ಉಸಿರು: ದೀರ್ಘವಾಗಿ ಉಸಿರೆಳೆದು ಚೆನ್ನಾಗಿ ಕೆಮ್ಮಬಲ್ಲರಾದರೆ 2. ಉಸಿರು ಕಷ್ಟವಾಗಿಯೋ ಮೇಲುಮೇಲಕ್ಕೋ ಇದ್ದರೆ 1. ತಾನಾಗಿ ಉಸಿರಿಲ್ಲದಿದ್ದರೆ 0.
3. ರಕ್ತದ ಒತ್ತಡ: ಮೊದಲಿದ್ದುದಕ್ಕಿಂತ ಶೇಕಡ 20ರೊಳಗೆ ಹೆಚ್ಚುಕಡಿಮೆಯಿದ್ದರೆ 2. 20ರಿಂದ 50ರವರೆಗಾದರೆ 1. ಅದಕ್ಕೂ ಮೀರಿದರೆ 0.
4. ಎಚ್ಚರ: ಪೂರ್ತಿ ಎಚ್ಚರವಿದ್ದರೆ 2. ಹೆಸರು ಹಿಡಿದು ಕರೆದರೆ ಕಣ್ಣು ತೆರೆದರೆ 1. ಕರೆದರೂ ಏಳದಿದ್ದರೆ 0.
5. ಬಣ್ಣ: ಮೈ ಸಹಜವಾಗಿ ಕೆಂಪಾಗಿದ್ದರೆ 2. ಬಿಳುಪೇರಿದ್ದರೆ 1. ನೀಲಿಗಟ್ಟಿದ್ದರೆ 0.

ಈ ಐದನೆಯದರಲ್ಲಿ ಒಂದು ತೊಡಕಿತ್ತು. ನಮ್ಮಂತಹ ಕಪ್ಪು ಮೈಬಣ್ಣದವರಲ್ಲಿ ಕೆಂಪೇನು, ನೀಲಿಯೇನು, ಮಂದ ದೀಪದಲ್ಲಿ ಯಾರಿಗೆ ಕಾಣಬೇಕು? ಈ ಕೊರತೆಯನ್ನು ನೀಗಿಸಿದ್ದು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್. ಅದರ ಮೂಲತತ್ವವನ್ನು 1970ರ ದಶಕದ ಆರಂಭದಲ್ಲಿ ಕಂಡುಹಿಡಿದವರು ಜಪಾನಿನ ತಕುವೊ ಅವೊಯಾಗಿ. 2020-21ರ ಕೊರೋನಾ ಕಾಲದಲ್ಲಿ ನಮ್ಮ ಬೀದಿಯ ಎಷ್ಟೋ ಮನೆಗಳಿಗೆ ಬಂದದ್ದು ಇದೇ ಯಂತ್ರ. 1995ರಲ್ಲಿ ಆಲ್ಡ್ರೇಟೆಯವರು ತಮ್ಮ ಪಟ್ಟಿಯನ್ನು ತಿದ್ದಿ ಬಣ್ಣದ ಜಾಗದಲ್ಲಿ ರಕ್ತದ ಆಮ್ಲಜನಕವನ್ನು ಇಟ್ಟರು. ಬರಿಯ ಗಾಳಿಯಲ್ಲೇ ಶೇಕಡ 92ಕ್ಕೆ ಮೇಲಿದ್ದರೆ 2. 90ಕ್ಕೆ ಮೇಲಿರಲು ಆಮ್ಲಜನಕ ಕೊಡಬೇಕಾದರೆ 1. ಕೊಟ್ಟರೂ 90 ಮುಟ್ಟದಿದ್ದರೆ 0. ಈ ಯಂತ್ರವೂ ಕಪ್ಪು ಚರ್ಮದಲ್ಲಿ ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆಂದು ಈಚೆಗೆ ಕಂಡುಬಂದಿದೆ. ಆದ್ದರಿಂದ ಅಂಕಿಯೊಂದನ್ನೇ ನಂಬದೆ ಉಸಿರನ್ನೂ ನೋಡಬೇಕು. ಲಾರಿಯವರ ಮಾತು ಮತ್ತೆ ಬಂದಿತು!

ಒಂದು ಉದಾಹರಣೆ ನೋಡೋಣ. ಒಬ್ಬರಿಗೆ ಮೊದಲು ಒತ್ತಡ 130 ಇತ್ತು. ಚೇತರಿಕೆ ಕೋಣೆಗೆ ತಂದಾಗ 110. ವ್ಯತ್ಯಾಸ 20, ಅಂದರೆ ಶೇಕಡ 15 ಚಿಲ್ಲರೆ, ಆದ್ದರಿಂದ 2 ಅಂಕ. ಕೈಗಳೆರಡನ್ನೇ ಆಡಿಸುತ್ತಾರೆ, 1. ಉಸಿರು ಮೇಲುಮೇಲೆ, 1. ಕರೆದರೆ ಕಣ್ಣು ಬಿಡುತ್ತಾರೆ, 1. ಆಮ್ಲಜನಕ ಕೊಟ್ಟು 95, 1. ಒಟ್ಟು 6. ಅರ್ಧ ತಾಸಿನ ಮೇಲೆ ನೋಡಿದರೆ ಕೈಕಾಲು ನಾಲ್ಕೂ ಆಡುತ್ತವೆ, ಚೆನ್ನಾಗಿ ಕೆಮ್ಮುತ್ತಾರೆ, ಒತ್ತಡ 124, ಬರಿಯ ಗಾಳಿಯಲ್ಲಿ 96. ತೂಕಡಿಕೆ ಮಾತ್ರ ಇದೆ. ಒಟ್ಟು 9. ಸಾಮಾನ್ಯವಾಗಿ 9 ಬಂದರೆ ವಾರ್ಡಿಗೆ ಕಳಿಸುತ್ತಾರೆ.

ಇಲ್ಲಿ ಲೆಕ್ಕದ ಒಂದು ಸೊಗಸಿದೆ. ಹತ್ತಕ್ಕೆ 9 ಬೇಕೆಂದರೆ ಐದರಲ್ಲಿ ಒಂದು ಗುರುತು ಮಾತ್ರ, ಅದೂ ಒಂದೇ ಅಂಕದಷ್ಟು, ಹಿಂದುಳಿಯಬಹುದು. ಎಲ್ಲಾದರೂ ಒಂದು ಸೊನ್ನೆ ಬಿದ್ದರೆ ಮಿಕ್ಕದ್ದೆಲ್ಲ ಪೂರ್ತಿ ಬಂದರೂ 8ನ್ನು ದಾಟುವುದಿಲ್ಲ. ಗಣಿತದಲ್ಲಿ ನಪಾಸಾಗಿ ಕನ್ನಡದ ಅಂಕದಿಂದ ತೇರ್ಗಡೆಯಾಗುವ ಉಪಾಯ ಇಲ್ಲಿ ನಡೆಯುವುದಿಲ್ಲ.

ಬೆಳಿಗ್ಗೆ ಚಿಕಿತ್ಸೆ ಮಾಡಿಸಿಕೊಂಡು ಸಂಜೆಗೆ ಮನೆಗೆ ಹೋಗುವ ಪದ್ಧತಿ ಹೆಚ್ಚಿದ ಮೇಲೆ ಇನ್ನೊಂದು ಪಟ್ಟಿ ಬೇಕಾಯಿತು. ಕೆನಡಾದ ಟೊರಾಂಟೋದಲ್ಲಿ ಫ್ರಾನ್ಸೆಸ್ ಚಂಗ್ ಅವರು 1990ರ ದಶಕದಲ್ಲಿ ಅದನ್ನು ಮಾಡಿದರು. ನಾಡಿ ಮತ್ತು ಒತ್ತಡ, ನಡಿಗೆ, ವಾಂತಿ, ನೋವು, ರಕ್ತಸ್ರಾವ ಎಂಬ ಐದು ಗುರುತುಗಳಿಗೆ ಹತ್ತು ಅಂಕ. ಇಲ್ಲಿಯೂ 9 ಬಂದರೆ, ಜೊತೆಗೆ ಕರೆದೊಯ್ಯುವವರು ಇದ್ದರೆ, ಮನೆಗೆ.

ರೋಗಿಯನ್ನೇ ಕೇಳಬೇಕು

ಇಷ್ಟೆಲ್ಲ ಅಂಕ ಬಂದರೂ ಕಾಕಾನ ಕಥೆ ಬಗೆಹರಿಯಲಿಲ್ಲ. ಅವರ ನಾಡಿ ಸರಿಯಿತ್ತು, ಉಸಿರು ಸರಿಯಿತ್ತು, ಹೊಲಿಗೆ ಒಣಗುತ್ತಿತ್ತು. ಆಸ್ಪತ್ರೆಯ ಕಾಗದದಂತೆ ಅವರು ಗುಣವಾದವರು. ಆದರೆ ನಿದ್ರೆಯಿಲ್ಲ, ಊಟವಿಲ್ಲ, ಮನಸ್ಸಿನಲ್ಲಿ ದಿಗಿಲು. ಇವನ್ನು ಯಾವ ಯಂತ್ರವೂ ತೋರಿಸದು, ರೋಗಿಯನ್ನೇ ಕೇಳಬೇಕು.

ಆಸ್ಟ್ರೇಲಿಯಾದ ಪಾಲ್ ಮೈಲ್ಸ್ ಮತ್ತು ಅವರ ಸಂಗಡಿಗರು ಇದಕ್ಕಾಗಿ 2000ದಲ್ಲಿ 40 ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಹೊಟ್ಟೆಯ ಗಾಯದ ನೋವಿನಲ್ಲಿರುವವರಿಗೆ 40 ಪ್ರಶ್ನೆ ಭಾರವಾಗುತ್ತದೆಂದು 2013ರಲ್ಲಿ ಅದನ್ನು 15ಕ್ಕೆ ಇಳಿಸಿದರು. ಒಂದೊಂದಕ್ಕೆ 0ಯಿಂದ 10, ಒಟ್ಟು 150 ಅಂಕ. ಕೇಳುವ ವಿಷಯಗಳು ಇವು: ಉಸಿರಾಟ ಸಲೀಸಾಗಿದೆಯೇ, ಊಟ ರುಚಿಸಿತೇ, ದಣಿವಾರಿದೆಯೇ, ನಿದ್ರೆ ಬಂದಿತೇ, ಶೌಚ ಸ್ನಾನಗಳನ್ನು ತಾನೇ ಮಾಡಿಕೊಳ್ಳಬಲ್ಲರೇ, ಮನೆಯವರೊಡನೆ ಮಾತನಾಡಬಲ್ಲರೇ, ವೈದ್ಯರ ಮತ್ತು ದಾದಿಯರ ಆಸರೆ ಸಿಕ್ಕಿತೇ, ಕೆಲಸಕ್ಕೆ ಅಥವಾ ಮನೆಗೆಲಸಕ್ಕೆ ಮರಳಬಲ್ಲರೇ, ತನ್ನ ಮೇಲೆ ತನಗೆ ಹಿಡಿತವಿದೆಯೇ, ಒಟ್ಟಾರೆ ಹಿತವಾಗಿದೆಯೇ. ಇವು ಹತ್ತು. ಉಳಿದ ಐದು: ಸಾಧಾರಣ ನೋವು, ತೀವ್ರ ನೋವು, ಓಕರಿಕೆ ವಾಂತಿ, ಕಳವಳ, ದುಃಖ. ಈ ಐದರಲ್ಲಿ ಅಂಕ ತಿರುವುಮುರುವು. ಏನೂ ಇಲ್ಲದಿದ್ದರೆ 10, ಸದಾ ಇದ್ದರೆ 0. ಹೀಗಾಗಿ ಹೆಚ್ಚು ಅಂಕವೆಂದರೆ ಎಲ್ಲ ಕಡೆಯೂ ಒಳಿತೇ.

ಇದರಲ್ಲಿ ಮುಖ್ಯವಾದ ಉಪಾಯವೆಂದರೆ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಒಮ್ಮೆ ಕೇಳಿ ಬರೆದಿಡುವುದು. ಆರಂಭದ ಶಿಲ್ಕು ತಿಳಿಯದೆ ತಿಂಗಳ ಕೊನೆಯ ಲೆಕ್ಕ ಹೇಗೆ ಕೂಡೀತು? ಮೊದಲೇ 110 ಇದ್ದವರಿಗೆ ಮೂರನೆಯ ದಿನ 105 ಬಂದರೆ ಒಳ್ಳೆಯ ಚೇತರಿಕೆ. ಮೊದಲು 140 ಇದ್ದವರಿಗೆ ಅದೇ 105 ಬಂದರೆ ಯೋಚಿಸಬೇಕಾದದ್ದು. ಒಂದೆರಡು ಅಂಕದ ಏರಿಳಿತಕ್ಕೆ ಅರ್ಥವಿಲ್ಲ. 6ರಿಂದ 8 ಅಂಕ ಬದಲಾದರೆ ರೋಗಿಗೂ ಆ ವ್ಯತ್ಯಾಸ ಅನುಭವಕ್ಕೆ ಬರುತ್ತದೆಂದು ಮೈಲ್ಸ್ ಅವರೇ ಲೆಕ್ಕ ಹಾಕಿದ್ದಾರೆ.

ಒಂದು ಎಚ್ಚರಿಕೆಯೂ ಬೇಕು. ಒಟ್ಟು ಅಂಕ ಚೆನ್ನಾಗಿದ್ದು ಒಂದು ಸಾಲಿನಲ್ಲಿ ಸೊನ್ನೆ ಅಡಗಿರಬಹುದು. 130 ಬಂದವರು ‘ತೀವ್ರ ನೋವು’ ಎಂಬ ಸಾಲಿನಲ್ಲಿ 0 ಎಂದಿದ್ದರೆ ಆ ಸಾಲೇ ಮುಖ್ಯ. ಮೊತ್ತವನ್ನು ಮಾತ್ರ ನೋಡಿ ಸಹಿ ಹಾಕುವ ಯಜಮಾನರನ್ನು ನಾವು ಬಲ್ಲೆವು.

ಭಾಷೆಯ ತೊಡಕು ಬೇರೆ. ಈ ಊರಿನಲ್ಲಿ ವೈದ್ಯರು ತೆಲುಗಿನಲ್ಲೋ ಉರ್ದುವಿನಲ್ಲೋ ಕೇಳುತ್ತಾರೆ, ಅಜ್ಜಿ ಬೀದರ್ ಕಡೆಯ ಕನ್ನಡದಲ್ಲಿ ಉತ್ತರಿಸುತ್ತಾಳೆ, ನಡುವೆ ಮೊಮ್ಮಗ ದುಭಾಷಿ. ‘ಹೊಟ್ಟಿ ತೊಳಸತೈತಿ’ ಎಂದದ್ದು ‘ಹೊಟ್ಟೆ ನೋವು’ ಆಗಿ ವೈದ್ಯರ ಕಿವಿ ಮುಟ್ಟುತ್ತದೆ. ಓಕರಿಕೆಗೆ ಕೊಡುವ ಔಷಧಿ ಬೇರೆ, ನೋವಿಗೆ ಬೇರೆ. ದುಭಾಷಿಯಾದವರು ತಾವು ಊಹಿಸದೆ ರೋಗಿಯ ಮಾತನ್ನೇ ಒಪ್ಪಿಸಬೇಕು. ‘ಸಂಕೋಚ’ದಿಂದ ಹೇಳದೆ ಬಿಟ್ಟದ್ದನ್ನೂ, ಮುಖ್ಯವಾಗಿ ಮೂತ್ರ ಮಲಗಳ ವಿಷಯವನ್ನು, ಕೇಳಿ ತಿಳಿಸಬೇಕು.

ನಮ್ಮದೇ ಒಂದು ತಪ್ಪು

ಇಲ್ಲಿ ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಾವು ಹಾಜರಿ ಪುಸ್ತಕ ಬರೆಯುತ್ತಿದ್ದ ಗಿರಣಿಯೊಂದರಲ್ಲಿ ಒಬ್ಬ ಹಮಾಲನಿಗೆ ಹರ್ನಿಯಾ ಶಸ್ತ್ರಚಿಕಿತ್ಸೆಯಾಗಿತ್ತು. ಹತ್ತನೆಯ ದಿನವೇ ಕೆಲಸಕ್ಕೆ ಬಂದ. ಮನೆಯಲ್ಲಿ ಕೂಲಿಯಿಲ್ಲದೆ ನಡೆಯದು. ಕೈಯಲ್ಲಿ ಚೀಟಿಯಿತ್ತು, ‘ಹಗುರ ಕೆಲಸ’ ಎಂದು ಅದರಲ್ಲಿ ಬರೆದಿತ್ತು. ನಮ್ಮ ಪುಸ್ತಕದಲ್ಲಿ ಇದ್ದದ್ದು ಎರಡೇ ಕಲಮು, ಹಾಜರು ಮತ್ತು ಗೈರುಹಾಜರು. ಹಗುರ ಕೆಲಸಕ್ಕೆ ಕಲಮು ಇರಲಿಲ್ಲ. ‘ಹೆಂಗೈತಪ್ಪಾ?’ ಎಂದೆವು. ‘ಆರಾಮೈತ್ರಿ ಸಾಹೇಬ್ರ’ ಎಂದ. ಹಾಜರು ಎಂದು ಬರೆದು ಮೂಟೆ ಹೊರುವ ತಂಡಕ್ಕೆ ಕಳಿಸಿದೆವು. ಮೂರನೆಯ ದಿನ ಗಾಯ ಬಿಟ್ಟುಕೊಂಡು ಅಲ್ಲೇ ಕುಸಿದು ಕುಳಿತ. ಮತ್ತೆ ಆಸ್ಪತ್ರೆ, ಮತ್ತೆ ಒಂದು ತಿಂಗಳು ಕೂಲಿಯಿಲ್ಲ. ನಾವು ಅಂದು ಕೇಳಬೇಕಾದದ್ದು, ‘ಒಂದು ಕೊಡ ನೀರು ಎತ್ತಿದರೆ ನೋಯುತ್ತದೆಯೇ? ಮೆಟ್ಟಿಲು ಹತ್ತಿದಿಯಾ?’ ಎಂಬ ಎರಡು ಮಾತು. ಕೇಳಲಿಲ್ಲ. ಆ ‘ಹಾಜರು’ ಎಂಬ ಅಕ್ಷರ ನಮ್ಮ ಕೈಬರಹದಲ್ಲೇ ಇದೆ.

ಹಾಜರಿ ಪುಸ್ತಕದಂತಹ ಅಳತೆಯೊಂದು ವೈದ್ಯರಲ್ಲೂ ಇದೆ. ಶಸ್ತ್ರಚಿಕಿತ್ಸೆಯಾದಂದಿನಿಂದ 30 ದಿನಗಳಲ್ಲಿ ರೋಗಿ ಎಷ್ಟು ದಿನ ತನ್ನ ಮನೆಯಲ್ಲಿದ್ದ ಎಂದು ಎಣಿಸುವುದು. 5 ದಿನ ಆಸ್ಪತ್ರೆ, ಮನೆಗೆ ಬಂದು ಮತ್ತೆ 3 ದಿನ ಆಸ್ಪತ್ರೆಯಾದರೆ 22. 30 ದಿನದೊಳಗೆ ತೀರಿಕೊಂಡರೆ 0. 2017ರಲ್ಲಿ ಮೈಲ್ಸ್ ಅವರ ತಂಡ ಇದನ್ನು ಪರೀಕ್ಷಿಸಿ ಉಪಯುಕ್ತವೆಂದು ತೋರಿಸಿತು. ಬೇಗ ಮನೆಗೆ ಕಳಿಸಿದೆವೆಂದು ಹೆಮ್ಮೆಪಡುವ ಆಸ್ಪತ್ರೆಗೆ, ಮರಳಿ ಬಂದವರ ಲೆಕ್ಕವನ್ನೂ ಇದು ಕೇಳುತ್ತದೆ.

ಮನೆಯವರು ಗಮನಿಸಬೇಕಾದದ್ದು

ಪೂರ್ತಿ ಅರಿವಳಿಕೆ ಪಡೆದವರು ಮೊದಲ 24 ತಾಸು ವಾಹನ ನಡೆಸಬಾರದು, ಒಲೆಯ ಮುಂದೆ ಒಬ್ಬರೇ ನಿಲ್ಲಬಾರದು, ಕಾಗದಪತ್ರಗಳಿಗೆ ಸಹಿ ಹಾಕಬಾರದು. ಎಚ್ಚರವಿದ್ದಂತೆ ಕಂಡರೂ ಬುದ್ಧಿ ಪೂರ್ತಿ ತಿಳಿಯಾಗಿರುವುದಿಲ್ಲ. ಮೊದಲ ರಾತ್ರಿ ಒಬ್ಬರು ಪಕ್ಕದಲ್ಲಿರಬೇಕು. ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ನಿಲ್ಲುತ್ತಿದ್ದರೆ, ಕರೆದು ಅಲುಗಿಸಿದರೂ ಏಳದಿದ್ದರೆ, ತುಟಿ ನೀಲಿಯಾದರೆ, ಎದೆನೋವು ಅಥವಾ ಏದುಸಿರು ಬಂದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಗಾಯದಿಂದ ರಕ್ತ ನಿಲ್ಲದಿದ್ದರೆ, ತಾಸುಗಟ್ಟಲೆ ಮೂತ್ರವಾಗದಿದ್ದರೆ, ನೀರೂ ನಿಲ್ಲದಷ್ಟು ವಾಂತಿಯಾದರೆ, ಜ್ವರ ಏರಿದರೆ, ಒಂದು ಕಾಲಿನ ಮೀನಖಂಡ ಊದಿ ನೋಯತೊಡಗಿದರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು.

ವಯಸ್ಸಾದವರಲ್ಲಿ ಇನ್ನೊಂದು ಸಂಗತಿಯುಂಟು. ಶಸ್ತ್ರಚಿಕಿತ್ಸೆಯಾದ ಒಂದೆರಡು ದಿನಗಳಲ್ಲಿ ಅಜ್ಜ ಇದ್ದಕ್ಕಿದ್ದಂತೆ ಮಕ್ಕಳ ಗುರುತು ತಪ್ಪಬಹುದು, ಇಲ್ಲದವರೊಡನೆ ಮಾತನಾಡಬಹುದು, ಇಲ್ಲವೇ ಮಂಕಾಗಿ ಸುಮ್ಮನೆ ಬಿದ್ದಿರಬಹುದು. ಇದನ್ನು ಗಾಳಿ ಸೋಕಿದೆ ಎಂದೋ ಅರಳುಮರುಳು ಎಂದೋ ಬಿಡಬಾರದು. ಇದು ತಾತ್ಕಾಲಿಕ ಭ್ರಮೆ, ವೈದ್ಯರಿಗೆ ಗೊತ್ತಿರುವ ತೊಂದರೆ. ಕಾರಣ ಹುಡುಕಿ ಚಿಕಿತ್ಸೆ ಮಾಡಿದರೆ ಬಹುಮಟ್ಟಿಗೆ ಇಳಿಯುತ್ತದೆ. ಕನ್ನಡಕ, ಕಿವಿಯ ಯಂತ್ರ ಕೈಗೆ ಸಿಗುವಂತಿರಲಿ. ಗಡಿಯಾರ ಕಾಣಲಿ. ಪರಿಚಿತ ದನಿಯಲ್ಲಿ, ಅವರ ಭಾಷೆಯಲ್ಲಿ ಮಾತನಾಡಿಸುವವರು ಒಬ್ಬರು ಬಳಿಯಿರಲಿ. ಪರಊರಿನ ಆಸ್ಪತ್ರೆಯಲ್ಲಿ ಕನ್ನಡದ ಒಂದು ಮಾತೂ ಔಷಧಿಯ ಕೆಲಸ ಮಾಡುತ್ತದೆ.

ಕೊನೆಯ ಮಾತು

ಕಾಕಾನ ವಿಷಯ ಹೇಳಿ ಮುಗಿಸುತ್ತೇವೆ. ಕಾಕೂ ಹೇಳಿದ ಮರುದಿನ ಅವರ ಮಗನೊಡನೆ ನಾವೂ ಆಸ್ಪತ್ರೆಗೆ ಹೋದೆವು. ಒಂದು ಕಾಗದದ ಮೇಲೆ ನಿದ್ರೆ, ಊಟ, ಓಕರಿಕೆ, ನೋವು, ನಡಿಗೆ, ಮನಸ್ಸು ಎಂದು ಆರು ಸಾಲು ಬರೆದು, ಹತ್ತಕ್ಕೆ ಎಷ್ಟೆಂದು ಕಾಕಾನಿಂದಲೇ ಹೇಳಿಸಿ ಗುರುತು ಹಾಕಿಸಿದ್ದೆವು. ನಿದ್ರೆಗೆ 1, ಊಟಕ್ಕೆ 2 ಎಂದಿದ್ದರು. ವೈದ್ಯರು ಕಾಗದವನ್ನು ನೋಡಿ, ಕಾಕಾ ತೆಗೆದುಕೊಳ್ಳುತ್ತಿದ್ದ ಗುಳಿಗೆಗಳನ್ನೆಲ್ಲ ತರಿಸಿ, ಹೊಟ್ಟೆ ತೊಳಸಲು ಕಾರಣವಾಗಿದ್ದ ನೋವಿನ ಗುಳಿಗೆಯನ್ನು ಬದಲಿಸಿದರು. ಆರನೆಯ ದಿನ ನಿದ್ರೆ 6, ಊಟ 7. ಎರಡು ವಾರದ ಮೇಲೆ ಸಂಜೆ ವಾಚನಾಲಯದ ಬಾಗಿಲಲ್ಲಿ ಕಾಕಾ ಕಾಣಿಸಿಕೊಂಡರು. ಪತ್ರಿಕೆ ಬೇರೆಯವರ ಕೈಯಲ್ಲಿದೆಯೆಂದು ಜಗಳಕ್ಕೂ ನಿಂತರು. ಆ ಅಂಕ ಯಾವ ಪಟ್ಟಿಯಲ್ಲೂ ಇಲ್ಲ, ನಮ್ಮ ಲೆಕ್ಕದಲ್ಲಿ ಅದಕ್ಕೆ ಹತ್ತಕ್ಕೆ ಹತ್ತು.

ಅಂತಹ ಆರು ಸಾಲಿನ ಕಾಗದಗಳನ್ನು ಬರೆದು ವಾಚನಾಲಯದ ಮೇಜಿನ ಮೇಲೆ ಇಟ್ಟಿದ್ದೇವೆ. ಬೇಕಾದವರು ಉಚಿತವಾಗಿ ಒಯ್ಯಬಹುದು. ಇದು ವೈದ್ಯರ ಪರೀಕ್ಷೆಗೆ ಬದಲಿಯಲ್ಲ. ವೈದ್ಯರ ಮುಂದೆ ಮಾತು ಮರೆಯದಿರಲಿ ಎಂದು ಮಾತ್ರ. ಶಸ್ತ್ರಚಿಕಿತ್ಸೆಗೆ ಮುಂಚಿನ ದಿನ ಒಮ್ಮೆ ತುಂಬಿ, ಆಮೇಲೆ ದಿನಕ್ಕೊಮ್ಮೆ ತುಂಬಿರಿ. ಹಾಗೆಯೇ ಇನ್ನು ಮುಂದೆ ರೋಗಿಗಳನ್ನು ನೋಡಲು ಹೋಗುವ ವಾಚಕರಲ್ಲಿ ಒಂದು ವಿನಂತಿ. ‘ಆರಾಮೇನ್ರಿ?’ ಎಂದು ಕೇಳಿ, ‘ಆರಾಮ’ ಎಂಬ ಉತ್ತರ ಪಡೆದು ಎದ್ದು ಬರಬೇಡಿರಿ. ರಾತ್ರಿ ಎಷ್ಟು ಹೊತ್ತು ನಿದ್ರೆ ಬಂತು, ಇವತ್ತು ಏನು ಉಂಡಿರಿ, ಬಚ್ಚಲಿಗೆ ಒಬ್ಬರೇ ಹೋದಿರಾ ಎಂದು ಕೇಳಿರಿ. ಕೇಳಿದ ಮೇಲೆ ಸ್ವಲ್ಪ ಹೊತ್ತು ಕುಳಿತು ಉತ್ತರ ಕೇಳಿಸಿಕೊಳ್ಳಿರಿ.